ಕೋಳಿ ಮಾರಿ ತಂದ ಕ್ಯಾಸೆಟ್ಟು

ಟಿವಿಯ ಮೇಲೆ ಹೊದಿಸಿದ್ದ ಟವೆಲ್ಲನ್ನು ನೀಲಾ ಎಳೆದು ಬಿಸಾಕಿದಳು. ತಮ್ಮ ಕುಬೇರ ನಿಲ್ಲಿಸಿ ಹೋಗಿದ್ದ ವಿಡಿಯೋ ಗೇಮಿನಲ್ಲಿ ಕೊನೆಯ ರಾಕ್ಷಸ ಬಾಯಿ ತೆರೆದುಕೊಂಡೇ ನಿಂತಿದ್ದ. ಬೇಸಿಗೆ ರಜೆಯೆಲ್ಲ ಆಡಿ ಕುಬೇರ ಇವತ್ತೇ ಮೊದಲ ಸಲ ಅಲ್ಲಿಗೆ ಮುಟ್ಟಿದ್ದ. ಆ ರಾಕ್ಷಸನನ್ನು ಕೊಲ್ಲುವುದನ್ನು ತೋರಿಸಲು ಓಣಿಯ ಗೆಳೆಯರನ್ನು ಕರೆತರಲು ಓಡಿದ್ದ. ಒಮ್ಮೆ ಆರಿಸಿದರೆ ಆಟವೆಲ್ಲ ಮತ್ತೆ ಮೊದಲಿನಿಂದ.

ಈ ಆಟದ ಕ್ಯಾಸೆಟ್ಟು ಕೊಳ್ಳಲೆಂದೇ ಅವನು ನೀಲಾಳ ಕೋಳಿಯನ್ನು ಮುಂಡಗೋಡ ಸಂತೆಯಲ್ಲಿ ಮಾರಿ ಬಂದಿದ್ದ, ಅದೂ ಕಾವಿಗೆ ಕೂತ ಕೋಳಿಯನ್ನು. ಬುಟ್ಟಿಯಲ್ಲಿದ್ದ ಮೊಟ್ಟೆಗಳು ತಣ್ಣಗಾಗಿ ಕೆಟ್ಟವು. "ಹೋಗ್ಲಿ ಬಿಡು, ಸಣ್ಣಾವ ಅದಾನ," ಅಂದಿದ್ದಳು ಅವ್ವ. ನೀಲಾ ಬಿಟ್ಟಿರಲಿಲ್ಲ. ಅವನು ಆಡುವಾಗ ಹಿಂದೆ ಕೂತು ಅಕ್ಕಿ ಹಸನು ಮಾಡುತ್ತ ಅವನ ಹೆಬ್ಬೆರಳುಗಳನ್ನೇ ನೋಡುತ್ತಿದ್ದಳು. ಅವನಿಲ್ಲದಾಗ ತಾನೇ ಆಡಿ ಕೈ ಪಳಗಿಸಿಕೊಂಡಿದ್ದಳು.

ಗೇಮಿನ ರಿಮೋಟು ಎತ್ತಿಕೊಂಡಳು. ಜಿಗಿದಳು, ಬಗ್ಗಿದಳು, ಹೊಡೆದಳು, ಹೊಡೆಯುತ್ತಲೇ ಇದ್ದಳು. ರಾಕ್ಷಸ ಉರುಳಿದ. ಆ ಮನೆಯಲ್ಲಿ ಯಾರೂ ಕೇಳಿರದ ಹಾಡೊಂದು ಶುರುವಾಗಿ, ಪರದೆ ತುಂಬ ಏನೇನೋ ಅರಳಿತು. ನೀಲಾ ಅದನ್ನು ಕಣ್ತುಂಬ ನೋಡಿದಳು. ಅಂಗಳದಲ್ಲಿ ಹುಡುಗರ ಗದ್ದಲ ಕೇಳಿದ ಮೇಲೆ ಸ್ವಿಚ್ಚು ಆರಿಸಿದಳು.

"ಹಾಡು ಕೇಳ್ತಲ್ಲ! ರಾಕ್ಷಸ ಸತ್ನೇನು?" ಕುಬೇರ ಕಪ್ಪು ಪರದೆಯ ಮುಂದೆ ಕುಸಿದ. "ಕಡೀಗೆ ಏನ್ ಬಂತಕ್ಕಾ? ಹೇಳ!"

"ಭಾಳ ಚಂದ ಇತ್ತು," ಅಂದಳು ನೀಲಾ. "ಹೇಳ್ತೇನಿ. ಮೊದ್ಲ ನೀ ಹೇಳು, ನನ್ನ ಮೊಟ್ಟ್ಯಾಗ ಯಾವ ಬಣ್ಣದ ಮರಿ ಇದ್ವು?"