ಗೋಕಾಕದ ಬೆರಳು

“ಗೊಂಬಿ ಬೆರಳಿದ್ದಂಗ ಐತಿ. ಹಾಕ್ಕೊಂಡವ್ರನ್ನ ಒಬ್ಬರನ್ನರ ತೋರಸಪಾ, ಆಮ್ಯಾಲೆ ನಂಬತೇನಿ,” ಎಂದ ಬೀರಸಿದ್ದಪ್ಪ. ಅವನ ಬೆರಳನ್ನು ಕಬ್ಬಿನ ಗಾಣ ನುಂಗಿತ್ತು. ಮೂಡಲಗಿ ಸಂತೆಯ ಜನ ಸುತ್ತ ನೆರೆದರು.

ಕಟ್ಟಿಗೆಯ ಬೆರಳು ಕೆತ್ತಿ, ಬಣ್ಣ ಹಚ್ಚಿ ಮಾರಲು ತಂದಿದ್ದ ಗೋಕಾಕದ ವಿಠೋಬಾನ ಕಣ್ಣು ತಡೆಯದೆ ಎದುರಿಗೆ ಓಡಿತು. ಉಳ್ಳಾಗಡ್ಡಿ ತೂಗುತ್ತಿದ್ದ ಶಿವಗಂಗವ್ವ ಉಂಗುರದ ಕೈಯನ್ನು ಥಟ್ಟನೆ ಸೆರಗಿನೊಳಗೆ ಎಳೆದುಕೊಂಡಳು. ಉಂಗುರ ತೊಟ್ಟ ಆ ಬೆರಳು ಕಟ್ಟಿಗೆಯದು, ವಿಠೋಬಾ ಮಾಡಿಕೊಟ್ಟದ್ದೆಂದು ಸಂತೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಯಾಕ, ಒಬ್ಬರೂ ಇಲ್ಲೇನು?” ಜನ ನಕ್ಕರು.

ವಿಠೋಬಾ ಅವಳಿಂದ ಕಣ್ಣು ಕಿತ್ತು ಜನರತ್ತ ತಿರುಗಿದ. “ಅದಾರ್ರಿ. ಈಗ ತೋರಸ್ತೇನಿ,” ಎಂದ. ಶಿವಗಂಗವ್ವ ತಕ್ಕಡಿ ಕೆಳಗಿಟ್ಟು ತಲೆ ತಗ್ಗಿಸಿದಳು.

ಕೆತ್ತುವಾಗ ಉಳಿ ತಗುಲಿದ ದಿನದಿಂದ ವಿಠೋಬಾ ಯಾರಿಗೂ ಬಿಟ್ಟುಕೊಡದ ಗುಟ್ಟು ಅದು. ಅವನು ತನ್ನ ಎಡಗೈಯ ಕಿರುಬೆರಳನ್ನು ಹಿಡಿದು, ತಿರುವಿ, ಕಳಚಿ ಬೀರಸಿದ್ದಪ್ಪನ ಅಂಗೈಯಲ್ಲಿಟ್ಟ.