ಕತ್ತರಿ ನಿಂತ ಜಾಗ

ಜೆರಾಕ್ಸ್ ಅಂಗಡಿಯಲ್ಲಿ ಆಗಷ್ಟೇ ಕತ್ತರಿಸಿದ ಕಾಗದದ ವಾಸನೆ ಬಂದರೆ, ಭದ್ರಾವತಿಯ ಸೋದರಮಾವನ ಮನೆಯ ಒಂದು ಮಧ್ಯಾಹ್ನದಲ್ಲಿ ಈಗಲೂ ಸಿಕ್ಕಿಕೊಳ್ಳುತ್ತೇನೆ.

ಅಣ್ಣ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ಪ್ಯಾಕೆಟ್ಟಿನಲ್ಲಿ ಒಂದು ಕ್ರಿಕೆಟ್ ಕಾರ್ಡು ಸೊಟ್ಟಗೆ ಕತ್ತರಿಸಿ ಬಂದಿತ್ತು. ಒಂದು ಬದಿಯ ಬಿಳಿ ಅಂಚು ತೀರಾ ಅಗಲ. ಅವನು ಅದನ್ನು ಕತ್ತರಿಯಿಂದ ಸರಿಮಾಡಿದ್ದನ್ನು ನಾನು ನೋಡಿದ್ದೆ. ಭಾನುವಾರ ಅದನ್ನು ಮಾವನ ಮಗ ಸುಧಿಗೆ ಕೊಟ್ಟು, ಅವನ ಒಳ್ಳೆಯ ಕಾರ್ಡೊಂದನ್ನು ತೆಗೆದುಕೊಂಡ. ಸುಧಿ ಅದನ್ನು ತನ್ನ ಕಾರ್ಡುಗಳ ಕಟ್ಟಿನೊಳಗೆ ಸೇರಿಸಿ, ಅಂಚು ಸಮವಾಗಲೆಂದು ಮೇಜಿಗೆ ತಟ್ಟಿದ. ಅದೊಂದೇ ಗಿಡ್ಡವಾಗಿತ್ತು.

"ಕುಯ್ದು ಕೊಟ್ಟಿದೀಯ ಕಣೋ."

"ಪ್ಯಾಕೆಟ್ಟಲ್ಲೇ ಹಂಗೆ ಬಂದಿತ್ತು ಮಾರಾಯ," ಎಂದ ಅಣ್ಣ.

ಕಾಗದದ ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವ ಯಂತ್ರ ನೋಡಿಕೊಳ್ಳುತ್ತಿದ್ದ ಮಾವ ನನ್ನ ಕಡೆ ತಿರುಗಿದರು. "ಪುಟ್ಟಿ ಸುಳ್ಳು ಹೇಳಲ್ಲ. ನೀನು ಹೇಳಮ್ಮ."

ಮೇಜಿನ ಕೆಳಗೆ ಅಣ್ಣನ ಹಿಮ್ಮಡಿ ನನ್ನ ಪಾದವನ್ನು ಒತ್ತಿತು.

"ಹೌದು ಮಾವ. ಹಂಗೇ ಬಂದಿತ್ತು."

ಮಾವ ಕಾರ್ಡಿನ ಅಂಚಿನ ಮೇಲೆ ಉಗುರು ಸರಿಸಿದರು. ಅರ್ಧದಲ್ಲಿ ಒಂದು ಸಣ್ಣ ಕಚ್ಚಿಗೆ ಉಗುರು ಸಿಕ್ಕಿ ನಿಂತಿತು.

"ಮಿಷಿನ್ ಬ್ಲೇಡು ಮಧ್ಯದಲ್ಲಿ ನಿಲ್ಲಲ್ಲ," ಎಂದರು ಮೆಲ್ಲಗೆ. "ಕತ್ತರಿ ನಿಲ್ಲುತ್ತೆ."

ಅಣ್ಣ ಕೈ ಚಾಚಿದ. ಮಾವ ಕಾರ್ಡನ್ನು ಅವನಿಗೆ ಕೊಡಲಿಲ್ಲ. ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.