ಗುಡ್ಡದ ದಾರಿಯ ನೋಟ್‌ಬುಕ್ಕು

ಆ ಮನುಷ್ಯ ಮತ್ತೆ ಬರೆದುಕೊಂಡ.

ಬೇಲಿಯ ಹಿಂದೆ ಬಗ್ಗಿ ನಿಂತ ಪ್ರಫುಲ್ಲಾ ಲೆಕ್ಕ ಹಿಡಿದಳು: ಬೆಳಿಗ್ಗೆಯಿಂದ ಇದು ಏಳನೆಯ ಸಲ. ಆತ ಕೋಲಿನಿಂದ ಮೆಟ್ಟಿಲಿನ ಕಲ್ಲಿಗೆ ಎರಡು ಸಲ ತಟ್ಟಿದ, ಕಿವಿಗೊಟ್ಟು ಕೇಳಿದ, ಜೇಬಿನಿಂದ ಉದ್ದನೆಯ ನೋಟ್‌ಬುಕ್ಕು ತೆಗೆದು ಏನೋ ಗೀಚಿದ. ಬಿಸಿಲಿಗೆ ಬಣ್ಣವೆಲ್ಲ ಬಿಟ್ಟುಹೋದ ಟೋಪಿ ಸರಿಪಡಿಸಿಕೊಂಡು ಮುಂದೆ ನಡೆದ.

“ಅನುಮಾನವೇ ಇಲ್ಲ ರಾಯರೇ,” ಎಂದು ಫೋನಿನಲ್ಲಿ ಪಿಸುಗುಟ್ಟಿದಳು. “ಪಾಲಿಕೆಯಿಂದ ಬಂದ ಇನ್‌ಸ್ಪೆಕ್ಟರೇ.”

ಠಾಣೆ ಶಹರದ ಗುಡ್ಡದ ಬುಡದಲ್ಲಿರುವ ಮೂರು ಕಿಲೋಮೀಟರ್ ಕಾಲುದಾರಿಯನ್ನು ನೋಡಿಕೊಳ್ಳುವುದು ‘ಹೆಜ್ಜೆ ಬಳಗ’ದ ಹೊಣೆ. ಪಾಲಿಕೆ ಕೊಟ್ಟ ಪರವಾನಗಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ತಪಾಸಣೆಯಲ್ಲಿ ದಾರಿ ಪಾಸಾಗದಿದ್ದರೆ ಅಲ್ಲಿ ಪಕ್ಕದ ಟವರಿನ ಕಾರುಗಳು ನಿಲ್ಲುತ್ತವೆ. ಎಂಬತ್ತರ ಪುಟ್ಟಮ್ಮನಂಥವರು ಲಿಫ್ಟ್ ಇಳಿದು ಮಣ್ಣು ಮೆಟ್ಟುವುದು ಇಲ್ಲಿ ಮಾತ್ರ.

ಹನ್ನೊಂದು ವರ್ಷಗಳ ಹಿಂದೆ ಮುಳ್ಳು ಕಡಿದು ಈ ದಾರಿ ತೆರೆದವಳೇ ಪ್ರಫುಲ್ಲಾ. ಆಗ ಬಳಗದಲ್ಲಿ ನಾಲ್ಕು ಜನ, ನಾಲ್ಕು ಸನಿಕೆ. ಈಗ ನೂರ ನಲವತ್ತು ಸ್ವಯಂಸೇವಕರು, ಅಷ್ಟೇ ಹಸಿರು ಟೋಪಿಗಳು, ಏಳು ಉಪಸಮಿತಿಗಳು, ಒಂದು ಸನಿಕೆ. ಭಾನುವಾರದ ಸಭೆ ಅಧ್ಯಕ್ಷ ರಮಾಕಾಂತ ರಾಯರ ಹೋಟೆಲಿನ ಏಸಿ ರೂಮಿನಲ್ಲಿ. ದಾರಿಯನ್ನು ಎಲ್ಲರೂ ಫೋಟೋದಲ್ಲಿ ನೋಡುತ್ತಿದ್ದರು. ಕಾರ್ಯದರ್ಶಿ ಪ್ರಫುಲ್ಲಾ ಬಂದ ಕಾಗದಗಳಿಗೆಲ್ಲ ತಲೆಯೆತ್ತದೆ ಸಹಿ ಹಾಕುತ್ತಿದ್ದಳು, ದೊಡ್ಡ ಅಧಿಕಾರಿಗಳ ಹಾಗೆ ಹಸಿರು ಶಾಯಿಯಲ್ಲಿ. ಬಳಗದಲ್ಲಿ ಆ ಶಾಯಿ ಅವಳೊಬ್ಬಳದು. ವಾಟ್ಸಾಪಿನಲ್ಲಿ ದೂರುಗಳ ಕಾಟ ಹೆಚ್ಚಾದಾಗ, ಕಾರ್ಯದರ್ಶಿ ಕೇಳದೆ ಯಾರೂ ಏನೂ ಹೇಳಕೂಡದೆಂಬ ನಿಯಮವನ್ನೂ ಅವಳೇ ತಂದಳು. ಅಂದಿನಿಂದ ಒಂದು ದೂರೂ ಇಲ್ಲ. ವಾರ್ಷಿಕ ವರದಿಯಲ್ಲಿ ಅದು ಸಾಧನೆಗಳ ಪಟ್ಟಿ ಸೇರಿತ್ತು.

ಮರುದಿನ ರಾಯರು ಡಬ್ಬಿ ಹಿಡಿದು ಬಂದರು. “ನಮ್ಮ ಇಡ್ಲಿ ಬೇಡ ಅಂದವರು ಈ ಊರಲ್ಲಿ ಇಲ್ಲ ಮಾರಾಯ್ರೆ,” ಎಂದರು.

ಆತ ಡಬ್ಬಿ ಮುಟ್ಟಲಿಲ್ಲ. “ಡ್ಯೂಟಿ ಮ್ಯಾಲ ಇದ್ದಾಗ ತಿನ್ನಂಗಿಲ್ರೀ.”

“ನಿಮ್ಮನ್ನು ಕಳಿಸಿದ್ದು ಯಾರು?”

“ಮ್ಯಾಲಿನವ್ರು.”

“ಆ ಪುಸ್ತಕದಲ್ಲಿ ಎಂತ ಬರ್ದದ್ದು? ಒಂಚೂರು ನೋಡ್ಬಹುದಾ?”

“ನಿಮಗ ತೋರಸಾಕ ಬರಂಗಿಲ್ರೀ. ಕೇಳಬೇಕಾದವ್ರು ಕೇಳಿದ್ರ ಕೊಡ್ತೀನಿ.”

ಇಡ್ಲಿ ತಣ್ಣಗಾಯಿತು. ರಾಯರೂ.

“ದಿನಾ ಶಹಾಡಿನಿಂದ ಲೋಕಲ್ ರೈಲು ಹಿಡಿದು ಬರುವುದಂತೆ,” ಎಂದು ಪ್ರಫುಲ್ಲಾಳಿಗೆ ಹೇಳಿದರು. “ಅಷ್ಟು ದೂರದಿಂದ ಯಾಕೆ?”

“ಇಲ್ಲಿ ಯಾರಿಗೂ ಗುರುತು ಸಿಗಬಾರದು ಅಂತ. ಇಷ್ಟೂ ಗೊತ್ತಾಗಲ್ವಾ ನಿಮಗೆ?”

ಆ ವಾರ ಬಳಗದ ಇತಿಹಾಸದಲ್ಲೇ ಇಲ್ಲದ ಘಟನೆ ನಡೆಯಿತು. ಸ್ವಯಂಸೇವಕರು ದಾರಿಗೆ ಬಂದರು. ಆತ ಎಲ್ಲಿ ನಿಂತು ಬರೆದನೋ ಅಲ್ಲಿಗೆ, ಆತ ತಿರುವಿನಲ್ಲಿ ಮರೆಯಾದ ಕೂಡಲೇ, ಹಾರೆ ಬಂತು. ಅಲುಗುವ ಮೆಟ್ಟಿಲು ಗಟ್ಟಿಯಾಯಿತು. ಬ್ಯಾಂಕಿನವರು ಚರಂಡಿ ತೋಡಿದರು. ಐಟಿಯವರು ಬೆನ್ನು ಹಿಡಿದುಕೊಂಡು ಕಲ್ಲು ಹೊತ್ತರು. ‘ಹಾರೆ ಹಿಡಿಯುವ ಬಗೆ’ ಕುರಿತು ಎಂಟನೆಯ ಉಪಸಮಿತಿ ರಚನೆಯಾಯಿತು.

ಹಿಂದೆಯೇ ಸುಳಿದಾಡುತ್ತಿದ್ದ ಪ್ರಫುಲ್ಲಾ ಬೇರೆಯದನ್ನೂ ಕಂಡಳು. ಓಲಾಡುವ ಬೆಂಚಿನ ಕಾಲಿಗೆ ಆತನೇ ಚಪ್ಪಟೆ ಕಲ್ಲೊಂದನ್ನು ಒತ್ತಾಗಿ ಇಟ್ಟ. ದಾರಿಗೆ ಅಡ್ಡ ಬಂದ ಕಂಬಳಿಹುಳುವನ್ನು ಕೋಲಿನ ತುದಿಗೆ ಹತ್ತಿಸಿ ಎಲೆಯ ಮೇಲಿಟ್ಟ. ಚರಂಡಿಯ ಬಳಿ ಪುಟ್ಟಮ್ಮನಿಗೆ ಕೈ ಕೊಟ್ಟ. ಎಳೆಯಲಿಲ್ಲ, ಆಕೆ ಹೆಜ್ಜೆ ಆರಿಸಿಕೊಳ್ಳುವವರೆಗೆ ಸುಮ್ಮನೆ ಕಾದ.

‘ಇದೂ ನಮಗಿಟ್ಟ ಪರೀಕ್ಷೆಯೇ’ ಅಂದುಕೊಂಡು ಮರುದಿನವೇ ಅಲ್ಲಿ ಕಂಬಿ ಹಾಕಿಸಿದಳು.

ಮಂಗಳವಾರ ಕೆಲಸದ ಗಡಿಬಿಡಿಯ ನಡುವೆ, ಹೆಲ್ಮೆಟ್ ಕಂಕುಳಲ್ಲಿಟ್ಟ ಒಬ್ಬ ನಡುವಯಸ್ಸಿನ ಗೃಹಸ್ಥ ಬಂದು, ಇಲ್ಲಿಯ ಮುಖ್ಯಸ್ಥರು ಯಾರೆಂದು ಮರಾಠಿಯಲ್ಲಿ ವಿಚಾರಿಸಿದ. ಅಷ್ಟರಲ್ಲಿ ಮೇಲಿನಿಂದ ಕೋಲಿನ ಸದ್ದು ಕೇಳಿಸಿತು.

“ಆಮೇಲೆ, ಭಾವೂ, ಆಮೇಲೆ. ಸಾಹೇಬರು ಬರ್ತಿದ್ದಾರೆ,” ಎಂದು ಪ್ರಫುಲ್ಲಾ ಅವನ ಭಾಷೆಯಲ್ಲೇ ಹೇಳಿ, ಜಲ್ಲಿ ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾವನ್ನು ಅವನ ಕೈಗಿಟ್ಟಳು. “ಇದನ್ನು ಆ ಗುಂಡಿಗೆ ಸುರಿಯಿರಿ.”

ಪಾಪ, ಎರಡು ಸಲ ಸುರಿದು ಹೋದ.

ಇಪ್ಪತ್ತೆಂಟಕ್ಕೆ ಪಾಲಿಕೆಯ ಪತ್ರ ಬಂತು. ಪರವಾನಗಿ ಐದು ವರ್ಷಕ್ಕೆ ಮುಂದುವರಿದಿತ್ತು. ರಾಯರು ಹೋಟೆಲಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿ ಪತ್ರ ಓದಿದರು: “ಮಂಗಳವಾರ ತಪಾಸಣೆಗೆ ಬಂದ ನಮ್ಮ ಇಂಜಿನಿಯರರು ಎರಡು ಘಮೇಲಾ ಜಲ್ಲಿಯನ್ನು ಸ್ವತಃ ಹೊತ್ತಿದ್ದಾರೆ. ಕೆಲಸ ನಿಜಕ್ಕೂ ನಡೆಯುತ್ತಿದೆ ಎಂಬುದು ಅವರಿಗೆ ಮನವರಿಕೆಯಾಗಿದೆ.”

ಪ್ರಫುಲ್ಲಾಳ ಜಿಲೇಬಿ ಬಾಯಿಯ ಹತ್ತಿರವೇ ನಿಂತಿತು.

ಮರುದಿನ ಬೆಳಿಗ್ಗೆ ಓಡಿದಳು. ದಾರಿಯಲ್ಲಿ ಅದೇ ಕೋಲು, ಅದೇ ಸದ್ದು.

“ಪರವಾನಗಿ ಬಂದಾಯ್ತು. ನೀವು ಯಾರು, ಸರ್?”

“ರೇವಣಸಿದ್ದ ಅಂತ್ರೀ. ರೈಲ್ವೇದಾಗ ಮೂವತ್ತು ವರ್ಷ ಹಳಿಗುಂಟ ನಡದು, ತಟ್ಟಿ ತಟ್ಟಿ ನೋಡಿದಾಂವ.”

“ಮತ್ತೆ ಆ ನೋಟ್‌ಬುಕ್ಕು? ಕೊಡಿ, ನೋಡ್ತೀನಿ.”

ಆತನ ಮುಖ ಅರಳಿತು. ಎರಡೂ ಕೈಯಲ್ಲಿ ಒಪ್ಪಿಸಿದ. “ಅಂತೂ ಕೇಳಿದ್ರಲ್ರೀ, ಮೇಡಂ. ಹದಿನಾಕು ತಿಂಗಳಾತು.”

ಮೊದಲ ಪುಟಕ್ಕೆ ಚೀಟಿಯೊಂದನ್ನು ಜೋಪಾನವಾಗಿ ಅಂಟಿಸಲಾಗಿತ್ತು: ‘ಹೆಜ್ಜೆ ಬಳಗ. ಸ್ವಯಂಸೇವಕ ಸಂಖ್ಯೆ ೧೩೮. ದಿನವೂ ದಾರಿ ನಡೆದು ಕುಂದುಕೊರತೆ ಬರೆಯುವುದು. ಕಾರ್ಯದರ್ಶಿ ಕೇಳುವತನಕ ಯಾರಿಗೂ ತೋರಿಸಕೂಡದು.’

ಕೆಳಗಿನ ಸಹಿಯ ಶಾಯಿ ಹಸಿರಾಗಿತ್ತು.